ಕಡಲ ನಡುವಿನ ಕಾವಲು

ಬೆಂಗಳೂರಿನ ಶ್ರೀನಗರದಲ್ಲೋ ಬನಶಂಕರಿಯಲ್ಲೋ ಬೆಳೆಯುವ ವಿದ್ಯಾರ್ಥಿಗೆ ಸಮುದ್ರವೆಂಬುದು ಬಹುಮಟ್ಟಿಗೆ ಭೂಪಟದ ನೀಲಿ ಬಣ್ಣ. ಅಲ್ಲಿಂದ ಮಂಗಳೂರಿನ ಕಡಲತಡಿಗೆ ಸುಮಾರು 350 ಕಿಲೋಮೀಟರು ದೂರವಿದೆ. ಆ ತಡಿಯಿಂದ ನೈಋತ್ಯ ದಿಕ್ಕಿಗೆ ಇನ್ನೂ ಸುಮಾರು 300 ಕಿಲೋಮೀಟರು ನೀರಿನ ಮೇಲೆ ಸಾಗಿದರೆ, ತೆಂಗಿನ ಗರಿಗಳ ತುದಿಗಳು ಮೊದಲು ಕಾಣಿಸಿ, ನೆಲವು ಆಮೇಲೆ ಕಾಣಿಸುವ ಕೆಲವು ಪುಟ್ಟ ದ್ವೀಪಗಳು ಎದುರಾಗುತ್ತವೆ. ಅವೇ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರ. ಇಂದು ಇವು ಲಕ್ಷದ್ವೀಪವೆಂಬ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿವೆ. ಆದರೆ 1956ರ ನವೆಂಬರ್ 1ರವರೆಗೆ ಅಮೀನದೀವಿ ಎಂದು ಕರೆಸಿಕೊಳ್ಳುತ್ತಿದ್ದ ಈ ಗುಂಪು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು; ಅದರ ಆಡಳಿತವು ಮಂಗಳೂರಿನಿಂದ ನಡೆಯುತ್ತಿತ್ತು. ದ್ವೀಪವಾಸಿಗಳು ತಮ್ಮ ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿಯನ್ನು ತುಂಬಿಕೊಂಡು ಬಂದು, ಅದಕ್ಕೆ ಬದಲಾಗಿ ಅಕ್ಕಿಯನ್ನು ಒಯ್ಯುತ್ತಿದ್ದರು. ಕನ್ನಡ ನಾಡಿಗೂ ಆ ದ್ವೀಪಗಳಿಗೂ ಇದ್ದ ಈ ಹಳೆಯ ನಂಟನ್ನು ಇಂದು ನೆನೆಯುವವರು ವಿರಳ.

ಆಡಳಿತದ ನಂಟು ಹೋಯಿತು. ಆದರೆ ಇನ್ನೊಂದು ಬಗೆಯ ನಂಟು ತರುವಾಯ ಬೆಳೆಯಿತು. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ನೆಲೆಸಿರುವ, ಲಾಭದ ಉದ್ದೇಶವಿಲ್ಲದ ಎರಡು ಸಂಸ್ಥೆಗಳು ದೂರದ ದ್ವೀಪಗಳ ಹವಳವನ್ನೂ ಕಡಲಾಮೆಯನ್ನೂ ಮೀನನ್ನೂ ಕಾಯುವ ಕೆಲಸವನ್ನು ಕೈಗೆತ್ತಿಕೊಂಡು ದಶಕಗಳೇ ಉರುಳಿವೆ. ಸಮುದ್ರವೇ ಕಾಣದ ಊರುಗಳಲ್ಲಿ ಕುಳಿತು ಸಮುದ್ರದ ನಡುವಿನ ನೆಲವನ್ನು ಕಾಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಅರಿಯಬೇಕಾದರೆ ಮೊದಲು ಆ ನೆಲವು ಎಂತಹುದು ಎಂಬುದನ್ನು ತಿಳಿಯಬೇಕು.

ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲವನ್ನು ಒಟ್ಟುಗೂಡಿಸಿದರೂ 32 ಚದರ ಕಿಲೋಮೀಟರು ಮಾತ್ರ. 700 ಚದರ ಕಿಲೋಮೀಟರನ್ನು ಮೀರಿ ಹಬ್ಬಿರುವ ಬೆಂಗಳೂರಿನ ಒಂದು ಮೂಲೆಯಲ್ಲಿ ಅಷ್ಟೂ ದ್ವೀಪಗಳನ್ನು ಅಡಗಿಸಬಹುದು. 2011ರ ಜನಗಣತಿಯ ಪ್ರಕಾರ ಅಲ್ಲಿ 64,473 ಜನರಿದ್ದರು. ಅಲ್ಲಿ ಬೆಟ್ಟವಿಲ್ಲ, ನದಿಯಿಲ್ಲ. ನೆಲವು ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಎತ್ತರದಲ್ಲಿದೆ. ಕಾಲಿನ ಕೆಳಗೆ ಇರುವುದು ಕಲ್ಲೂ ಅಲ್ಲ, ಕೆಮ್ಮಣ್ಣೂ ಅಲ್ಲ, ಹವಳದ ಪುಡಿ.

ಹವಳವು ಗಿಡವಲ್ಲ, ಕಲ್ಲಲ್ಲ. ಅದೊಂದು ಪ್ರಾಣಿ. ಕಡಲೆಕಾಳಿಗಿಂತಲೂ ಚಿಕ್ಕದಾದ ಕೋಟಿ ಕೋಟಿ ಜೀವಿಗಳು ಒತ್ತೊತ್ತಾಗಿ ಬಾಳುತ್ತ, ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟುತ್ತವೆ. ಹಳೆಯ ಗೂಡುಗಳ ಮೇಲೆ ಹೊಸ ಗೂಡುಗಳು ಏರುತ್ತ ಏರುತ್ತ ಸಾವಿರಾರು ವರ್ಷಗಳಲ್ಲಿ ಹವಳದ ದಿಬ್ಬಗಳಾಗುತ್ತವೆ. ಉಂಗುರದಂತಹ ದ್ವೀಪಗಳು ಹುಟ್ಟಿದ ಬಗೆಯನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಕಡಲಿನಿಂದ ತಲೆಯೆತ್ತಿದ ಜ್ವಾಲಾಮುಖಿಯ ಸುತ್ತ ಹವಳವು ಬೆಳೆಯುತ್ತದೆ. ಜ್ವಾಲಾಮುಖಿಯು ಮೆಲ್ಲಮೆಲ್ಲನೆ ಕುಸಿದು ಮುಳುಗುತ್ತದೆ. ಹವಳವು ಮಾತ್ರ ಬೆಳಕನ್ನು ಅರಸುತ್ತ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಬೆಟ್ಟವಿದ್ದ ಎಡೆಯಲ್ಲಿ ಲಗೂನು ಎಂಬ ತಿಳಿನೀರಿನ ಕೊಳವೂ, ಅದರ ಸುತ್ತ ಹವಳದ ಉಂಗುರವೂ ಉಳಿಯುತ್ತವೆ. ಪೆಸಿಫಿಕ್ ಮಹಾಸಾಗರದ ತುವಾಲು, ಕಿರಿಬಾಟಿ ಮುಂತಾದ ನಾಡುಗಳು ಬಹುಮಟ್ಟಿಗೆ ಇಂತಹ ಉಂಗುರಗಳೇ. ನಮ್ಮ ಲಕ್ಷದ್ವೀಪವೂ ಅದೇ ಜಾತಿಯದು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಮುಂಗಾರಿನ ಅಲೆಗಳ ಹೊಡೆತವನ್ನು ಹವಳದ ದಿಬ್ಬವು ತನ್ನ ಮೈಮೇಲೆ ತೆಗೆದುಕೊಳ್ಳುವುದರಿಂದಲೇ ದ್ವೀಪವು ಉಳಿದಿದೆ. ತೀರದ ಮರಳು, ನೆಲದಡಿಯ ಸಿಹಿನೀರು, ಮನೆ, ಮಸೀದಿ, ಶಾಲೆ, ಎಲ್ಲವೂ ಆ ದಿಬ್ಬದ ಆಶ್ರಯದಲ್ಲಿವೆ. ಹವಳವು ಸತ್ತರೆ ದಿಬ್ಬವು ಸವೆಯುತ್ತದೆ. ದಿಬ್ಬವು ಸವೆದರೆ ಅಲ್ಲಿಯ ಜನರಿಗೆ ಹಿಂದೆ ಸರಿಯಲು ಎತ್ತರದ ನೆಲವಿಲ್ಲ.

1996ರಲ್ಲಿ ಮೈಸೂರಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಷನ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದರ ಕಡಲ ವಿಭಾಗದ ಕಾರ್ಯವನ್ನು ಮುನ್ನಡೆಸಿದವರು ರೋಹನ್ ಆರ್ಥರ್ ಎಂಬ ವಿಜ್ಞಾನಿ. ಅವರು ಲಕ್ಷದ್ವೀಪದ ಹವಳವನ್ನು ಅಭ್ಯಾಸ ಮಾಡಲು ತೊಡಗಿದ ಕಾಲದಲ್ಲಿಯೇ, 1998ರಲ್ಲಿ, ಎಲ್ ನಿನೊ ಎಂಬ ವಿದ್ಯಮಾನದಿಂದ ಜಗತ್ತಿನ ಉಷ್ಣವಲಯದ ಕಡಲುಗಳು ಅಸಾಧಾರಣವಾಗಿ ಕಾದವು. ಹವಳದ ಜೀವಿಯ ಒಡಲೊಳಗೆ ಸೂಕ್ಷ್ಮವಾದ ಪಾಚಿಯೊಂದು ವಾಸಿಸುತ್ತದೆ. ಹವಳಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುವುದು ಅದೇ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳವು ಆ ಪಾಚಿಯನ್ನು ಹೊರದೂಡಿ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಕ್ಕೆ ಒದಗಿದ ಗತಿ ಇದೇ.

ಕಾಡಿಗೆ ಬೆಂಕಿ ಬಿದ್ದರೆ ನಂದಿಸಲು ಓಡಬಹುದು. ಕಾದ ಕಡಲನ್ನು ತಣಿಸಲು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಹಾಗಾದರೆ ಅಂತಹ ಕೆಲಸದ ಮುಂದಾಳು ಮಾಡಬಹುದಾದುದೇನು? ಮೈಸೂರಿನ ತಂಡವು ಮಾಡಿದುದು ಹೊರನೋಟಕ್ಕೆ ತೀರ ಸಪ್ಪೆಯಾದ ಕೆಲಸ. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಸುತ್ತ ಕೆಲವು ಎಡೆಗಳನ್ನು ಗೊತ್ತುಮಾಡಿಕೊಂಡು, ಬೆನ್ನಿಗೆ ಗಾಳಿಯ ಉರುಳೆಯನ್ನು ಕಟ್ಟಿ ನೀರಿಗಿಳಿದು, ಅಳತೆಯ ಪಟ್ಟಿಯನ್ನು ಹಾಸಿ, ಎಷ್ಟು ಪಾಲು ಜೀವಂತ ಹವಳ, ಎಷ್ಟು ಪಾಲು ಸತ್ತದ್ದು, ಯಾವ ಮೀನು ಎಷ್ಟು ಎಂದು ಬರೆದುಕೊಳ್ಳುವುದು. ಮತ್ತೆ ಬಂದು ಅದೇ ಎಡೆಯಲ್ಲಿ ಅದನ್ನೇ ಅಳೆಯುವುದು. 2010ರಲ್ಲಿ ಕಡಲು ಮತ್ತೆ ಕಾಯಿತು, 2016ರಲ್ಲಿ ಮತ್ತೊಮ್ಮೆ. ಪ್ರತಿಸಲವೂ ತಂಡವು ಅಲ್ಲಿತ್ತು. ಇಪ್ಪತ್ತನಾಲ್ಕು ವರ್ಷಗಳ ಆ ಲೆಕ್ಕವನ್ನು ಕೂಡಿಸಿ ನೋಡಿದಾಗ, ಈ ಮೂರು ದ್ವೀಪಗಳಲ್ಲಿ 1998ರಲ್ಲಿ ನೂರಕ್ಕೆ ಸುಮಾರು 37ರಷ್ಟಿದ್ದ ಜೀವಂತ ಹವಳದ ಹೊದಿಕೆಯು 2022ರ ವೇಳೆಗೆ ಸುಮಾರು 20ಕ್ಕೆ ಇಳಿದಿತ್ತು. ಅರ್ಧದಷ್ಟು ಕಳೆದುಹೋಯಿತೆಂಬ ಈ ಮಾತನ್ನು ಊಹೆಯಿಂದಲ್ಲದೆ ಆಧಾರದಿಂದ ಹೇಳಲು ಸಾಧ್ಯವಾದುದು ಆ ಸಪ್ಪೆಯಾದ ಕೆಲಸದಿಂದ.

ಆ ಲೆಕ್ಕದಲ್ಲಿ ಆಸೆಯ ಎಳೆಯೂ ಒಂದಿತ್ತು. ಎರಡು ಹೊಡೆತಗಳ ನಡುವೆ ಕೆಲವು ವರ್ಷಗಳ ಬಿಡುವು ದೊರೆತಲ್ಲಿ ಹವಳವು ತಾನಾಗಿ ಚೇತರಿಸಿಕೊಳ್ಳುತ್ತಿತ್ತು. ಚೇತರಿಕೆಗೆ ನೆರವಾಗುವ ಜೀವಿಗಳಲ್ಲಿ ಗಿಳಿಮೀನು ಮುಖ್ಯವಾದುದು. ಗಿಳಿಯ ಕೊಕ್ಕಿನಂತಹ ಹಲ್ಲುಗಳಿಂದ ಅದು ದಿಬ್ಬದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಕೆರೆದ ಜಾಗದಲ್ಲಿ ಎಳೆಯ ಹವಳವು ಬೇರೂರುತ್ತದೆ. ಲಕ್ಷದ್ವೀಪದಲ್ಲಿ ಇಂತಹ ಮೀನುಗಳು ಉಳಿದುಬಂದುದಕ್ಕೆ ಕಾರಣ ಯಾವ ಕಾನೂನೂ ಅಲ್ಲ, ಅಲ್ಲಿಯ ಜನರ ಕಸುಬು. ಮಿನಿಕಾಯ್ ದ್ವೀಪದವರು ತಲೆತಲಾಂತರದಿಂದ, ನಮ್ಮ ಕರಾವಳಿಯವರು ಕೇದರ ಎನ್ನುವ ಟ್ಯೂನಾ ಮೀನನ್ನು ಗಳದಿಂದ ಹಿಡಿಯುತ್ತ ಬಂದವರು. ಲಗೂನಿನಲ್ಲಿ ಚಿಕ್ಕ ಮೀನುಗಳನ್ನು ಜೀವಸಹಿತ ಹಿಡಿದು ದೋಣಿಯ ನೀರಿನಲ್ಲಿ ಇಟ್ಟುಕೊಂಡು ಹೊರಗಡಲಿಗೆ ಹೋಗುತ್ತಾರೆ. ಟ್ಯೂನಾ ಹಿಂಡು ಕಂಡೊಡನೆ ಆ ಎರೆಯನ್ನು ಎರಚಿ, ಮಳೆಹನಿ ಬಿದ್ದಂತೆ ನೀರನ್ನು ಚಿಮುಕಿಸುತ್ತಾರೆ. ಹಿಂಡು ಉಕ್ಕಿ ಬರುತ್ತದೆ. ದೋಣಿಯ ಅಂಚಿನಲ್ಲಿ ಸಾಲಾಗಿ ನಿಂತವರು ಗಳವನ್ನು ಬೀಸಿ ಒಂದೊಂದೇ ಮೀನನ್ನು ತಲೆಯ ಮೇಲಿನಿಂದ ದೋಣಿಗೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲವಾದುದರಿಂದ ಮೀನು ತಾನೇ ಕಳಚಿಕೊಳ್ಳುತ್ತದೆ. 1960ರ ದಶಕದಲ್ಲಿ ಮೀನುಗಾರಿಕೆ ಇಲಾಖೆಯು ಈ ವಿದ್ಯೆಯನ್ನು ಇತರ ದ್ವೀಪಗಳಿಗೂ ಹರಡಿತು. ಜನರ ಜೀವನವು ಹೊರಗಡಲಿನ ಟ್ಯೂನಾವನ್ನು ನಂಬಿದುದರಿಂದ ದಿಬ್ಬದ ಮೀನಿಗೆ ಉಸಿರಾಡಲು ಅವಕಾಶವಾಯಿತು. ಇತ್ತೀಚಿನ ವರ್ಷಗಳಲ್ಲಿ ದಿಬ್ಬದ ಮೀನಿಗೂ ದೂರದ ಮಾರುಕಟ್ಟೆಗಳಲ್ಲಿ ಬೆಲೆ ಬಂದಿರುವುದರಿಂದ ಆ ಅವಕಾಶವು ಕಿರಿದಾಗುತ್ತಿದೆ. ಕಡಲನ್ನು ತಣಿಸಲಾಗದವರು ಇಲ್ಲಿ ಮಾಡಬಹುದಾದ ಕೆಲಸವಿದೆ: ಮೀನುಗಾರರೊಡನೆ ಕುಳಿತು ಮಾತನಾಡುವುದು.

ಆ ಮಾತುಕತೆ ಯಾವಾಗಲೂ ಸಿಹಿಯಾಗಿರುವುದಿಲ್ಲ. ಅಗತ್ತಿಯಲ್ಲಿ ನಡೆದುದನ್ನು ನೋಡಬಹುದು. ಹಿಂದಿನ ಕಾಲದಲ್ಲಿ ದ್ವೀಪದವರು ಕಡಲಾಮೆಯ ಕೊಬ್ಬಿನ ಎಣ್ಣೆಯನ್ನು ದೋಣಿಗಳಿಗೆ ಬಳಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಡಲಾಮೆಗಳಿಗೆ ರಕ್ಷಣೆ ದೊರೆಯಿತು. ಅಗತ್ತಿಯ ಲಗೂನಿನಲ್ಲಿ ಹಸಿರು ಕಡಲಾಮೆಗಳು ಹಿಂಡುಹಿಂಡಾಗಿ ಸೇರಿದವು. ಇದು ಸಂರಕ್ಷಣೆಯ ಜಯವೆಂದು ಯಾರಾದರೂ ಹಿಗ್ಗಬೇಕಾದ ಸಂಗತಿ. ಆದರೆ ಮೀನುಗಾರರು ಹಿಗ್ಗಲಿಲ್ಲ. ಹಸಿರು ಆಮೆಯ ಆಹಾರ ಕಡಲಹುಲ್ಲು. ಮರಿಮೀನುಗಳಿಗೆ ಆಸರೆಯಾದ ಆ ಹುಲ್ಲನ್ನು ಆಮೆಗಳು ಬುಡದವರೆಗೆ ಮೇಯ್ದು ಮುಗಿಸುತ್ತಿವೆ, ಲಗೂನಿನಲ್ಲಿ ಮೀನು ಕಡಿಮೆಯಾಗಿದೆ ಎಂದು ಅವರು ದೂರಿದರು. ಪಟ್ಟಣದಲ್ಲಿ ಕುಳಿತ ಪ್ರಾಣಿಪ್ರಿಯರಿಗೆ ಇದು ಅಜ್ಞಾನದ ಮಾತಾಗಿ ತೋರಬಹುದು. ತಂಡದವರು ಹಾಗೆ ತಳ್ಳಿಹಾಕಲಿಲ್ಲ, ಹುಲ್ಲನ್ನು ಅಳೆದರು. ಮೀನುಗಾರರ ದೂರಿನಲ್ಲಿ ಹುರುಳಿತ್ತು. ಆಮೆಗಳು ಹೆಚ್ಚಿದಲ್ಲಿ ಹುಲ್ಲುಗಾವಲು ಬರಿದಾಗುತ್ತಿತ್ತು. ಒಂದು ಲಗೂನು ಬರಿದಾದ ಮೇಲೆ ಆಮೆಗಳು ಇನ್ನೊಂದಕ್ಕೆ ಸಾಗುತ್ತಿದ್ದವು. ಆಮೆಯನ್ನು ಬೇಟೆಯಾಡುವ ದೊಡ್ಡ ಶಾರ್ಕುಗಳನ್ನು ಮನುಷ್ಯನು ಕಡಲಿನಿಂದ ಕಡಿಮೆ ಮಾಡಿರುವುದೂ ಇದಕ್ಕೆ ಸೇರಿರಬಹುದು. ಈ ತೊಡಕಿಗೆ ಸುಲಭವಾದ ಪರಿಹಾರವಿಲ್ಲ. ಆದರೂ ತಮ್ಮ ಮಾತನ್ನು ಕೇಳಿ ಅದನ್ನು ಪರೀಕ್ಷಿಸುವವರು ಒಬ್ಬರಿದ್ದಾರೆಂಬುದು ದ್ವೀಪದ ಜನರಿಗೆ ಸಣ್ಣ ವಿಷಯವಾಗಿರಲಾರದು.

ಕಡಲಾಮೆಯ ಮಾತು ಬಂದಾಗ ಈ ಎಲ್ಲರಿಗಿಂತ ಮೊದಲು ಒಬ್ಬನೇ ಆ ದಾರಿಯನ್ನು ತುಳಿದವನ ಕಥೆಯನ್ನು ಬಿಡುವಂತಿಲ್ಲ. ಸತೀಶ್ ಭಾಸ್ಕರ್ ಎಂಬಾತ ಕೇರಳ ಮೂಲದವನು, ಮದರಾಸಿನ ಐ.ಐ.ಟಿ.ಯಲ್ಲಿ ಇಂಜಿನಿಯರಿಂಗ್ ಓದಲು ಸೇರಿದವನು. ಕಡಲಿನ ಸೆಳೆತಕ್ಕೆ ಒಳಗಾಗಿ ಆ ಓದನ್ನು ಬಿಟ್ಟು, ಮದರಾಸಿನ ಹಾವಿನ ಉದ್ಯಾನದ ಪರವಾಗಿ 1977ರಿಂದ ಭಾರತದ ತೀರಗಳಲ್ಲಿ ಆಮೆಗಳ ಗೂಡುಗಳನ್ನು ಹುಡುಕುತ್ತ ಸಾವಿರಾರು ಕಿಲೋಮೀಟರು ನಡೆದನು. ಲಕ್ಷದ್ವೀಪದ ಸುಹೇಲಿ ಎಂಬ ನಿರ್ಜನ ದ್ವೀಪದಲ್ಲಿ ಹಸಿರು ಆಮೆಗಳು ಮೊಟ್ಟೆಯಿಡುವುದು ಮುಂಗಾರಿನಲ್ಲಿ. ಮುಂಗಾರಿನಲ್ಲಿ ಅಲ್ಲಿಗೆ ದೋಣಿ ಹೋಗಲಾರದು. ಆದುದರಿಂದ ಅವುಗಳ ಲೆಕ್ಕವನ್ನು ಯಾರೂ ಮಾಡಿರಲಿಲ್ಲ. 1982ರಲ್ಲಿ ಸತೀಶನು ಮಳೆಗೆ ಮುಂಚೆ ಆ ದ್ವೀಪಕ್ಕೆ ಹೋಗಿ ಇಳಿದು, ದೋಣಿಯನ್ನು ಹಿಂದಕ್ಕೆ ಕಳುಹಿಸಿ, ಸುಮಾರು ಐದು ತಿಂಗಳು ಒಬ್ಬನೇ ಉಳಿದನು. ಮನೆಯಲ್ಲಿ ಹೆಂಡತಿಯೂ ಹಸುಗೂಸಾದ ಮಗಳೂ ಇದ್ದರು. ಜುಲೈ ತಿಂಗಳಲ್ಲಿ ಅವನು ಹೆಂಡತಿಗೆ ಒಂದು ಕಾಗದವನ್ನು ಬರೆದು ಸೀಸೆಯಲ್ಲಿ ಮುಚ್ಚಿ ಕಡಲಿಗೆ ಎಸೆದನು. ಇಪ್ಪತ್ತನಾಲ್ಕು ದಿನಗಳ ಮೇಲೆ ಅದು ಶ್ರೀಲಂಕೆಯ ಮೀನುಗಾರನೊಬ್ಬನ ಕೈಗೆ ಸಿಕ್ಕಿತು. ಆತನು ಅದನ್ನು ಅಂಚೆಯಲ್ಲಿ ಹಾಕಿದನು. ಕಾಗದವು ಮನೆ ತಲುಪಿತು.

ಕಥೆಯಲ್ಲಿ ಎಲ್ಲರಿಗೂ ಪ್ರಿಯವಾಗುವುದು ಆ ಸೀಸೆ. ವಿಜ್ಞಾನಕ್ಕೆ ಬೆಲೆಯುಳ್ಳದ್ದು ಮಳೆಯಲ್ಲಿ ನೆನೆಯುತ್ತ ಬರೆದ ಅವನ ಟಿಪ್ಪಣಿಗಳು. ಎರಡು ವರ್ಷಗಳ ತರುವಾಯ ಅವನು ಪೆಸಿಫಿಕ್‌ನ ಅಂಚಿಗೆ, ನ್ಯೂಗಿನಿ ದ್ವೀಪದ ಪಶ್ಚಿಮ ಭಾಗಕ್ಕೆ ಹೋಗಿ, ಜಗತ್ತಿನ ಅತಿ ದೊಡ್ಡ ಆಮೆಯಾದ ತೊಗಲುಬೆನ್ನಿನ ಕಡಲಾಮೆಯನ್ನು ಅಭ್ಯಾಸ ಮಾಡಿದನು. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಯಾವ ತೀರದಲ್ಲಿ ಯಾವ ಆಮೆ ಗೂಡು ಮಾಡುತ್ತದೆಂಬುದಕ್ಕೆ ಮೊದಲ ವಿವರವಾದ ಆಧಾರಗಳನ್ನು ಒದಗಿಸಿದವನೂ ಅವನೇ. 2023ರಲ್ಲಿ ಅವನು ತೀರಿಕೊಂಡನು.

ಒಬ್ಬನ ಸಾಹಸವು ಅವನೊಡನೆಯೇ ಮುಗಿಯದೆ ಕಾರ್ಯಕ್ರಮವಾಗಿ ಮುಂದುವರಿಯಬೇಕಾದರೆ ಸಂಸ್ಥೆಯ ಬೆಂಬಲ ಬೇಕಾಗುತ್ತದೆ. ಈ ಮುಂದುವರಿಕೆಯ ಕಥೆಯು ನಮ್ಮನ್ನು ಪಡುಗಡಲಿನಿಂದ ಬಂಗಾಳ ಕೊಲ್ಲಿಯ ಆಚೆಯ ಅಂಚಿಗೆ ಒಯ್ಯುತ್ತದೆ. ಭಾರತದಲ್ಲಿ ತೊಗಲುಬೆನ್ನಿನ ಆಮೆಗಳು ಇಂದು ಗಣನೀಯವಾಗಿ ಮೊಟ್ಟೆಯಿಡುವುದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಮಾತ್ರ. 2004ರ ಡಿಸೆಂಬರ್ 26ರಂದು ಬಂದ ಸುನಾಮಿಯು ಆ ತೀರಗಳ ಮರಳನ್ನೇ ಬಳಿದುಕೊಂಡು ಹೋಯಿತು. ಗ್ರೇಟ್ ನಿಕೋಬಾರಿನ ಗಲಾಥಿಯಾ ತೀರದಂತಹ ಪ್ರಸಿದ್ಧ ತಾಣಗಳೂ ಅಳಿಸಿಹೋದವು. ಮೊಟ್ಟೆಯಿಡಲು ಬರುವ ಆಮೆಗಳ ಗತಿಯೇನು, ಅವು ಮತ್ತೆ ಬಂದಾವೇ ಎಂಬುದು ಆಗಿನ ಆತಂಕ. ಅಲೆಗಳು ಕೆಲವೇ ವರ್ಷಗಳಲ್ಲಿ ಮತ್ತೆ ಮರಳನ್ನು ತಂದು ಕೂಡಿಸಿದವು; ಆಮೆಗಳೂ ಬಂದವು.

2008ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ್ ಫೌಂಡೇಷನ್ ಎಂಬ ಸಂಸ್ಥೆ ಆರಂಭವಾಯಿತು. ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಕಾರ್ತಿಕ್ ಶಂಕರ್ ಅದರ ಸ್ಥಾಪಕರಲ್ಲಿ ಒಬ್ಬರು. ಅದೇ ವರ್ಷದಿಂದ ಲಿಟ್ಲ್ ಅಂಡಮಾನ್ ದ್ವೀಪದಲ್ಲಿ ತೊಗಲುಬೆನ್ನಿನ ಆಮೆಗಳ ಎಣಿಕೆ ಮೊದಲಾಯಿತು. ವಿಜ್ಞಾನ ಮಂದಿರ, ಅಂಡಮಾನಿನಲ್ಲಿಯೇ ನೆಲೆಸಿರುವ ಪರಿಸರ ತಂಡ, ಅರಣ್ಯ ಇಲಾಖೆ ಎಲ್ಲವೂ ಇದರಲ್ಲಿ ಸೇರಿದವು. ಆ ದ್ವೀಪವು ಓಂಗೆ ಎಂಬ ಮೂಲನಿವಾಸಿಗಳ ನೆಲ. ಅವರನ್ನು ಕಾಪಾಡಲು 1956ರಿಂದ ಜಾರಿಯಲ್ಲಿರುವ ನಿಯಮದಂತೆ ಮೀಸಲು ಪ್ರದೇಶಕ್ಕೆ ಯಾರೂ ಇಚ್ಛೆ ಬಂದಂತೆ ಕಾಲಿಡುವಂತಿಲ್ಲ.

ಇಂತಹ ಎಡೆಯಲ್ಲಿ ಒಂದು ಬಿಡಾರವನ್ನು ನಡೆಸುವುದೆಂದರೆ ಏನೆಂಬುದನ್ನು ಊಹಿಸಿಕೊಳ್ಳಬಹುದು. ಆಮೆಗಳು ಬರುವುದು ಬಹುಮಟ್ಟಿಗೆ ನವೆಂಬರಿನಿಂದ ಮಾರ್ಚಿಯವರೆಗೆ. ಅದಕ್ಕೆ ತಿಂಗಳುಗಳ ಮೊದಲೇ ಅನುಮತಿಯ ಕಾಗದಗಳು ಸಿದ್ಧವಾಗಬೇಕು. ಹಣ ಕೊಡುವವರಿಗೆ ಲೆಕ್ಕ ಒಪ್ಪಿಸಬೇಕು. ಅಕ್ಕಿ, ಬೇಳೆ, ಸೀಮೆಎಣ್ಣೆ, ಔಷಧಿಗಳನ್ನು ಹೊಂದಿಸಬೇಕು. ಗಾಳಿ ಅನುಕೂಲಿಸಿದ ದಿನ ಎಲ್ಲವನ್ನೂ ದೋಣಿಗೆ ಹೇರಿ, ಅಬ್ಬರಿಸುವ ಅಲೆಗಳ ನಡುವೆ ತೀರಕ್ಕೆ ಇಳಿಸಬೇಕು. ಬಿಡಾರದ ಬಳಿಯ ತೊರೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಮಲೇರಿಯಾ ಬಂದರೆ ಆಸ್ಪತ್ರೆ ದೂರ. ಬೆಂಗಳೂರಿನಲ್ಲಿ ಕುಳಿತು ಇದನ್ನೆಲ್ಲ ಯೋಜಿಸುವ ಮುಂದಾಳಿನ ವಿದ್ಯೆ ಎಷ್ಟೇ ದೊಡ್ಡದಾಗಿದ್ದರೂ, ಕೆಲಸ ನಡೆಯುವುದು ಅಲ್ಲಿಯೇ ಹುಟ್ಟಿ ಬೆಳೆದ ಯುವಕರಿಂದ. 1925ರ ಸುಮಾರಿಗೆ ಬರ್ಮಾ ದೇಶದಿಂದ ಬಂದು ಅಂಡಮಾನಿನಲ್ಲಿ ನೆಲೆಸಿದ ಕರೆನ್ ಜನಾಂಗದವರು ಅವರಲ್ಲಿ ಅನೇಕರು. ಮೋಡವನ್ನು ನೋಡಿ ಗಾಳಿಯನ್ನು ಹೇಳಬಲ್ಲವರು, ಅಲೆಯ ನಡುವೆ ದೋಣಿಯನ್ನು ನುಗ್ಗಿಸಬಲ್ಲವರು, ಮರಳಿನ ಮೇಲಿನ ಗುರುತಿನಿಂದಲೇ ಆಮೆಯ ಜಾತಿಯನ್ನು ತಿಳಿಯಬಲ್ಲವರು ಅವರು. ಸಂಶೋಧನೆಯ ಲೇಖನಗಳ ತಲೆಯ ಮೇಲೆ ಅಂತಹವರ ಹೆಸರು ಅಪರೂಪವಾಗಿ ಕಾಣಿಸುತ್ತದೆ, ಇದು ನ್ಯಾಯವಲ್ಲ.

ರಾತ್ರಿ ಅವರು ತೀರದುದ್ದಕ್ಕೂ ನಡೆಯುತ್ತಾರೆ. ಐನೂರು ಕಿಲೋಗ್ರಾಂವರೆಗೂ ತೂಗಬಲ್ಲ ಆಮೆಯೊಂದು ಅಲೆಯಿಂದ ಮೇಲೇರಿ, ನಿಟ್ಟುಸಿರಿಡುತ್ತ ಮರಳಿನಲ್ಲಿ ಮೈಯನ್ನು ಎಳೆದುಕೊಂಡು ಬರುತ್ತದೆ. ಹಿಂಗಾಲುಗಳಿಂದ ಮೊಳಕ್ಕಿಂತ ಆಳವಾದ ಕುಳಿಯನ್ನು ತೋಡಿ ಎಂಬತ್ತು ನೂರು ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಅದರ ಅಳತೆಯನ್ನು ತೆಗೆದು, ಅಕ್ಕಿಕಾಳಿನಷ್ಟು ಚಿಕ್ಕದಾದ ಗುರುತಿನ ಚಿಪ್ಪನ್ನು ಅದರ ಭುಜದ ಸ್ನಾಯುವಿನೊಳಗೆ ಸೇರಿಸುತ್ತಾರೆ. ಮುಂದೆ ಎಂದಾದರೂ ಅದೇ ಆಮೆ ಬಂದರೆ ಗುರುತು ಸಿಗುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬೀಳುತ್ತವೆ. ಮರಳಿನ ಶಾಖವು ಹೆಚ್ಚಿದ್ದರೆ ಹೆಣ್ಣುಮರಿಗಳೂ ಕಡಿಮೆಯಿದ್ದರೆ ಗಂಡುಮರಿಗಳೂ ಹೆಚ್ಚಾಗಿ ಹುಟ್ಟುವುದು ಪ್ರಕೃತಿಯ ಒಂದು ವಿಚಿತ್ರ. ನಾಯಿಗಳೂ ಉಡಗಳೂ ಗೂಡುಗಳನ್ನು ಕೆದರುವುದುಂಟು.

2011ರಿಂದ ಕೆಲವು ವರ್ಷ ಹತ್ತು ಆಮೆಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಯಂತ್ರಗಳನ್ನು ಅಂಟಿಸಲಾಯಿತು. ಕೆಲವು ಆಮೆಗಳು ಆಗ್ನೇಯಕ್ಕೆ ಹೊರಟು ಆಸ್ಟ್ರೇಲಿಯದ ಪಶ್ಚಿಮ ತೀರದ ಕಡೆಗೆ ಹೋದವು. ಒಂದು ಆಮೆಯು ಹಿಂದೂ ಮಹಾಸಾಗರವನ್ನೇ ಅಡ್ಡಹಾಯ್ದು, 13,000 ಕಿಲೋಮೀಟರಿಗೂ ಹೆಚ್ಚು ಈಜಿ, ಆಫ್ರಿಕದ ಮೊಜಾಂಬಿಕ್ ತೀರವನ್ನು ಸೇರಿತು. ಲಿಟ್ಲ್ ಅಂಡಮಾನಿನ ಒಂದು ಮೈಲಿ ಮರಳನ್ನು ಕಾಯುವವರು ಯಾವುದನ್ನು ಕಾಯುತ್ತಿದ್ದಾರೆಂಬುದು ಆಗ ತಿಳಿಯಿತು. ಆ ಮರಳು ಇಲ್ಲವಾದರೆ ಎರಡು ಖಂಡಗಳ ಕಡಲುಗಳಲ್ಲಿ ಒಂದು ಪ್ರಾಣಿಯು ಕಡಿಮೆಯಾಗುತ್ತದೆ.

ಮರಳು ಇಲ್ಲವಾಗಲು ಸುನಾಮಿಯೇ ಬರಬೇಕೆಂದಿಲ್ಲ. ಗಲಾಥಿಯಾ ಕೊಲ್ಲಿಗೆ ಇದ್ದ ಅಭಯಾರಣ್ಯದ ಸ್ಥಾನವನ್ನು 2021ರ ಜನವರಿಯಲ್ಲಿ ಕೈಬಿಡಲಾಯಿತು. ಅಲ್ಲಿ ಬೃಹತ್ತಾದ ಬಂದರನ್ನು ನಿರ್ಮಿಸುವ ಯೋಜನೆಗೆ 2022ರ ನವೆಂಬರಿನಲ್ಲಿ ಪರಿಸರ ಅನುಮತಿ ದೊರೆಯಿತು. ದೇಶದ ರಕ್ಷಣೆಗೂ ವ್ಯಾಪಾರಕ್ಕೂ ಬಂದರು ಅಗತ್ಯವೆಂದು ಅದನ್ನು ಸಮರ್ಥಿಸುವವರು ಹೇಳುತ್ತಾರೆ. ಆಮೆಯ ತೀರವನ್ನೂ ಅಲ್ಲಿಯ ಬುಡಕಟ್ಟು ಜನರ ಕಾಡನ್ನೂ ಕಳೆದುಕೊಂಡರೆ ಮರಳಿ ಪಡೆಯಲಾಗದು ಎಂದು ವಿರೋಧಿಸುವವರು ಹೇಳುತ್ತಾರೆ. ಈ ವಾದದಲ್ಲಿ ಯಾರು ಏನನ್ನೇ ಹೇಳಲಿ, ಎಷ್ಟು ಆಮೆಗಳು, ಯಾವ ತಿಂಗಳಲ್ಲಿ, ಯಾವ ಮರಳಿಗೆ ಬಂದವು ಎಂಬ ಪ್ರಶ್ನೆ ಎದ್ದಾಗ ಎಲ್ಲರೂ ತೆರೆಯಬೇಕಾದುದು ಆ ಬಿಡಾರಗಳ ದಿನಚರಿಗಳನ್ನೇ.

ಲಕ್ಷದ್ವೀಪದಲ್ಲಿ ಈಗ ಅಂತಹ ದಿನಚರಿಗಳನ್ನು ಮೀನುಗಾರರೇ ಬರೆಯುತ್ತಿದ್ದಾರೆ. ಎಷ್ಟು ಎರೆ ಸಿಕ್ಕಿತು, ಎಷ್ಟು ದೂರ ಹೋಗಬೇಕಾಯಿತು, ಎಷ್ಟು ಟ್ಯೂನಾ ಬಿತ್ತು ಎಂಬುದನ್ನು ದಿನವೂ ಪುಸ್ತಕದಲ್ಲಿ ಗುರುತಿಸುವ ಪದ್ಧತಿಯನ್ನು ದಕ್ಷಿಣ್ ಸಂಸ್ಥೆಯು ಅವರೊಡನೆ ಕೂಡಿ ರೂಢಿಗೆ ತಂದಿದೆ. ಮಂಗಳೂರಿಗೆ ಹುರಿಯನ್ನು ತಂದು ಅಕ್ಕಿಯನ್ನು ಒಯ್ದವರ ಮೊಮ್ಮಕ್ಕಳು ಸಂಜೆ ದೋಣಿಯನ್ನು ದಡಕ್ಕೆ ಎಳೆದು, ಮೀನನ್ನು ತೂಗಿದ ಮೇಲೆ, ಕೈ ಒರೆಸಿಕೊಂಡು ಆ ಪುಸ್ತಕವನ್ನು ತೆರೆಯುತ್ತಾರೆ.